ಹಗೇವಿನ ಖಾರ

ನಮ್ಮೂರ ಪೇಟೆಯ ನಡುವೆ ಒಂದು ಹಗೇವಿದೆ. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಹುಣ್ಣಿಮೆಯ ದಿನ ಹಗ್ಗಕ್ಕೆ ಬುಟ್ಟಿ ಕಟ್ಟಿ ಅದರೊಳಗೆ ಇಳಿಸುತ್ತೇವೆ. ಆ ಕಡೆಯಿಂದಲೂ ಯಾರೋ ಇಳಿಸುತ್ತಾರೆ. ನಮ್ಮದು ಅವರಿಗೆ ಹೋಗುತ್ತದೆ, ಅವರದು ನಮಗೆ ಬರುತ್ತದೆ. ಕೊಡದೆ ಏನೂ ಬರುವುದಿಲ್ಲ, ಪಡೆಯದೆ ಏನೂ ಹೋಗುವುದಿಲ್ಲ. ನಮ್ಮಜ್ಜಿಯ ಕಾಲದಲ್ಲೂ ಹೀಗೇ ಇತ್ತಂತೆ. ಆ ಕಡೆ ಇರುವುದು ಯಾವ ದೇಶ, ಎಂಥ ಜನ ಎಂದು ತಲೆ ಕೆಡಿಸಿಕೊಂಡವರು ಕಡಿಮೆ. ಈ ಸಲದ ಪಾಳಿ ಯಾರದು, ಹಗ್ಗ ಹಿಡಿಯುವವರು ಯಾರು ಎಂಬ ಜಗಳವೇ ನಮಗೆ ಸಾಕಾಗಿತ್ತು.

ನಾವು ಕಳಿಸುತ್ತಿದ್ದುದು ಹಪ್ಪಳ. ಅವರು ಕಳಿಸುತ್ತಿದ್ದುದು ಅಂಗೈಯಗಲದ ಮಣ್ಣಿನ ಕುಡಿಕೆ, ಬಾಯಿಗೆ ಮೇಣ ಮೆತ್ತಿದ್ದು. ಒಳಗೆ ಬೂದುಬಣ್ಣದ ನುಣ್ಣನೆಯ ಪುಡಿ. ಉದ್ದಿನ ಹಿಟ್ಟಿಗೆ ಒಂದು ಚಿಟಿಕೆ ಖಾರ ಬೀಳದಿದ್ದರೆ ಹಪ್ಪಳ ಉಬ್ಬುವುದಿಲ್ಲ ಎಂಬುದು ಹಪ್ಪಳ ಮಾಡುವವರಿಗೆಲ್ಲ ಗೊತ್ತು. ಮೆಣಸಿನ ಖಾರವಲ್ಲ, ಬೂದಿಯಿಂದ ತೆಗೆಯುವ ಹಪ್ಪಳಖಾರ. ಅಂಗಡಿಯ ಖಾರ ಹಾಕಿದ ಹಪ್ಪಳ ಎಣ್ಣೆಯಲ್ಲಿ ಮಾತ್ರ ಉಬ್ಬುತ್ತದೆ. ಹಗೇವಿನ ಖಾರ ಹಾಕಿದ್ದನ್ನು ಬರಿ ಕೆಂಡದ ಮೇಲಿಟ್ಟರೂ ಸಾಕು, ಹೂವಿನಂತೆ ಅರಳುತ್ತಿತ್ತು. ಆ ಹಪ್ಪಳದಿಂದಲೇ ನಮ್ಮೂರಿಗೆ ಹೆಸರು ಬಂದದ್ದು, ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಓಡಾಡಿದ್ದು, ಹಪ್ಪಳ ಸಂಘಕ್ಕೆ ಸ್ವಂತ ಕಟ್ಟಡವಾದದ್ದು. ಸಂಘದ ಅಧ್ಯಕ್ಷೆ ನನ್ನ ದೊಡ್ಡವ್ವ ನಿಂಬೆವ್ವ. ತಾಯಿಯಿಲ್ಲದ ನನ್ನನ್ನು ಸಾಕಿದವಳೂ ಅವಳೇ.

ನಾನು ರಾಜಧಾನಿಯಲ್ಲಿ ದುಭಾಷಿ. ಕಾಲೇಜಿನಲ್ಲಿ ಬೇರೆ ಭಾಷೆಗಳ ಸೀಟೆಲ್ಲ ತುಂಬಿಹೋಗಿದ್ದರಿಂದ, ಯಾರೂ ಕೇಳದ ಒಂದು ದೂರದೇಶದ ಭಾಷೆ ನನ್ನ ಪಾಲಿಗೆ ಬಂದಿತ್ತು. ಹಿಮ ಬೀಳುವ ಬೆಟ್ಟಗಳ ದೇಶ, ಎರಡು ಸಮುದ್ರ ದಾಟಿ ಹೋಗಬೇಕು. ಬಹಳ ಕಾಲ ಆ ಭಾಷೆಯಿಂದ ನನಗೆ ಅನ್ನ ಹುಟ್ಟಲಿಲ್ಲ. ಆಮೇಲೆ ಒಮ್ಮೆಲೇ ಎರಡೂ ಸರಕಾರಗಳಿಗೆ ಪರಸ್ಪರ ಪ್ರೀತಿ ಬಂತು. ಪಾಲುದಾರ ದೇಶಗಳು ಎಂದು ಸಾರಿಕೊಂಡರು. ನಮ್ಮಲ್ಲಿ ಏನೇನು ಕೊಳ್ಳಬಹುದು, ಎಲ್ಲೆಲ್ಲಿ ಬಂಡವಾಳ ಹೂಡಬಹುದು ಎಂದು ನೋಡಲು ಅವರ ವಾಣಿಜ್ಯ ನಿಯೋಗವೊಂದು ಬಂತು. ಅದರ ಮುಖ್ಯಸ್ಥೆ ಇಲ್ಮಾರಾ ಎಂಬ ಐವತ್ತರ ಆಸುಪಾಸಿನ ಹೆಂಗಸು. ಎತ್ತರದ ಆಳು, ಅಳೆದು ಆಡುವ ಮಾತು. ಅವರ ನಾಲಗೆಯಾಗಿ ನಾನು ಊರೂರು ತಿರುಗಿದೆ. ಪಂಪು ಮಾಡುವ ಕಾರ್ಖಾನೆ ನೋಡಿದೆವು, ಗ್ರಾನೈಟ್ ಕ್ವಾರಿ ನೋಡಿದೆವು, ಹತ್ತಿ ಗಿರಣಿ ನೋಡಿದೆವು. ಕೊನೆಗೆ, ಕೈಗಾರಿಕೆ ಇಲಾಖೆಯ ಗುರುಪಾದಪ್ಪ ಸಾಹೇಬರ ಒತ್ತಾಯಕ್ಕೆ, ನಮ್ಮೂರ ಹಪ್ಪಳ ಸಂಘ. ನನಗೋ ಹಿಗ್ಗು. ಆ ದಿನ ಮುಂಜಾನೆಯೇ ದೊಡ್ಡವ್ವನ ಅಡುಗೆಮನೆಯಲ್ಲಿ ಕೂತು ಸುಟ್ಟ ಹಪ್ಪಳ ತಿಂದು ಬಂದಿದ್ದೆ.

ಸಂಘದ ಭವನದಲ್ಲಿ ಕುರ್ಚಿ ಹಾಕಿದ್ದರು, ಹಾರ ತರಿಸಿದ್ದರು. ಹೆಂಗಸರೆಲ್ಲ ಮದುವೆಗೆ ಹೊರಟವರಂತೆ ಸಿಂಗರಿಸಿಕೊಂಡು ಲಟ್ಟಣಿಗೆ ಹಿಡಿದು ಸಾಲಾಗಿ ಕೂತಿದ್ದರು. ಗುರುಪಾದಪ್ಪನವರು ಒಂದು ಪರಾತದ ತುಂಬ ಸುಡದ ಹಪ್ಪಳ ತಂದು ಇಲ್ಮಾರಾ ಅವರ ಮುಂದೆ ಹಿಡಿದರು. ಅವರು ನಗುತ್ತಲೇ ಒಂದನ್ನು ಎತ್ತಿಕೊಂಡರು. ತಿರುಗಿಸಿ ನೋಡಿದರು. ಮೂಗಿಗೆ ಹಿಡಿದರು. ಅವರ ಮುಖದ ಮೇಲಿನ ನಗೆ ಅಲ್ಲಿಗೇ ನಿಂತಿತು.

"ಇದನ್ನು ನಿಮಗೆ ಯಾರು ಕೊಟ್ಟರು?" ಎಂದು ತಮ್ಮ ಭಾಷೆಯಲ್ಲಿ ಕೇಳಿದರು.

ನಾನು ಹೇಳಿದೆ. ದೊಡ್ಡವ್ವ ನಕ್ಕಳು. "ಯಾರ ಕೊಡ್ತಾರವ್ವಾ? ನಾವ ಮಾಡೂದು."

"ಮಾಡುವುದು ಎಂದರೆ?"

ಸಂಘದಲ್ಲಿ ದೊಡ್ಡವ್ವನ ಬಲಗೈಯಂತಿದ್ದ ಹುಸೇನಬಿ ಒಂದು ಉಂಡೆ ತೆಗೆದುಕೊಂಡು ಮಣೆಯ ಮೇಲೆ ಲಟ್ಟಿಸಿ ತೋರಿಸಿದಳು. ಇಲ್ಮಾರಾ ಬಗ್ಗಿ ನೋಡಿದರು. ಹಿಟ್ಟು ಅಗಲವಾಗುತ್ತ ಹೋದಂತೆ ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ಅವರ ಕಣ್ಣು ಗೋಡೆಯ ಗೂಡಿನ ಕಡೆ ಹೋಯಿತು. ಅಲ್ಲಿ ಖಾಲಿಯಾದ ಕುಡಿಕೆಗಳಿದ್ದವು. ನಾವು ಅವನ್ನು ಬಿಸಾಡುತ್ತಿರಲಿಲ್ಲ. ಒಂದರಲ್ಲಿ ಅರಿಸಿನ, ಒಂದರಲ್ಲಿ ಸೂಜಿ ದಾರ, ಇನ್ನೊಂದಕ್ಕೆ ಎಣ್ಣೆ ಬತ್ತಿ ಹಾಕಿ ಹಣತೆ ಮಾಡಿದ್ದರು. ಅವರು ಎದ್ದು ಹೋಗಿ ಅರಿಸಿನದ ಕುಡಿಕೆಯನ್ನು ಎತ್ತಿ ತಳ ನೋಡಿದರು. ನನ್ನ ಮೊಳಕೈ ಹಿಡಿದು ಹತ್ತಿರಕ್ಕೆಳೆದುಕೊಂಡರು. ಕೈ ತಣ್ಣಗಿತ್ತು.

"ಇದು ನನ್ನೂರಿನ ಕುಂಬಾರರ ಗುರುತು," ಎಂದರು. "ನಮ್ಮೂರ ಬೆಟ್ಟದ ಮೇಲೆ ಒಂದು ಬಿಲವಿದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಸುಡುತ್ತೇವೆ. ಅವರ ಬೂದಿಯನ್ನು ಇಂಥ ಕುಡಿಕೆಯಲ್ಲಿ ಹಾಕಿ ಮೇಣ ಮೆತ್ತಿ ಆ ಬಿಲದೊಳಗೆ ಇಳಿಸುತ್ತೇವೆ. ಅದಕ್ಕೆ ಉತ್ತರವಾಗಿ ಸತ್ತವರು ರೊಟ್ಟಿ ಕಳಿಸುತ್ತಾರೆ. ಈ ರೊಟ್ಟಿ. ಕೆಂಡದ ಮೇಲಿಟ್ಟಾಗ ಅದು ಉಬ್ಬುತ್ತದೆ. ಅದು ಅವರ ಉಸಿರು. ಮನೆಯವರೆಲ್ಲ ಮುರಿದು ತಿನ್ನುತ್ತೇವೆ. ರುಚಿಯೇ ಅವರ ಕೊನೆಯ ಮಾತು. ಜೀರಿಗೆ ಬಂದರೆ ತೃಪ್ತಿಯಿಂದ ಹೋಗಿದ್ದಾರೆ. ಬೆಳ್ಳುಳ್ಳಿ ಬಂದರೆ ಏನೋ ಕೊರಗು ಉಳಿದಿದೆ."

ದುಭಾಷಿಯ ನಾಲಗೆಗೆ ಸ್ವಂತದ್ದು ಏನೂ ಇರಬಾರದು ಎಂದು ನಮಗೆ ಕಲಿಸಿದ್ದರು. ನನ್ನ ನಾಲಗೆಯ ಮೇಲೆ ಮುಂಜಾನೆ ತಿಂದ ಹಪ್ಪಳದ ರುಚಿ ಇನ್ನೂ ಇತ್ತು. ಆ ಕೋಣೆಯಲ್ಲಿದ್ದ ಅಷ್ಟೂ ಜನರಲ್ಲಿ ಎರಡೂ ಕಡೆಯ ಸಂಗತಿ ಗೊತ್ತಿದ್ದವಳು ನಾನೊಬ್ಬಳೇ ಆಗಿದ್ದೆ. ನಾನು ಬಾಯಿ ಬಿಟ್ಟರೆ ಎರಡೂ ಕಡೆಯ ಲೋಕ ಕುಸಿಯುತ್ತಿತ್ತು.

"ಏನಂದ್ರು ಮೇಡಮ್ಮೋರು? ರೇಟ್ ಕೇಳಾಕತ್ತಾರೇನು?" ಗುರುಪಾದಪ್ಪನವರು ಉತ್ಸಾಹದಿಂದ ಮುಂದೆ ಬಂದರು.

"ಇಲ್ರಿ ಸಾಹೇಬ್ರ, ಹೆಂಗಸರ ಕೂಡ ಒಂದೀಟು ಮಾತಾಡಬೇಕಂತ. ಗಂಡಸರೆಲ್ಲ ಹೊರಗ ಚಾ ಕುಡೀರಿ ಅಂದ್ರು." ಅವರು ಹಾಗೆ ಅಂದಿರಲಿಲ್ಲ. ಅನುವಾದದಲ್ಲಿ ನನ್ನ ಸ್ವಂತ ಮಾತು ಸೇರಿಸಿದ್ದು ಅದೇ ಮೊದಲು.

ಗಂಡಸರು ಹೊರಗೆ ಹೋದ ಮೇಲೆ ಬಾಗಿಲು ಹಾಕಿ, ದೊಡ್ಡವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಹಗೇವಿನ ಖಾರದ ಸಂಗತಿಯನ್ನು ಇಲ್ಮಾರಾ ಅವರಿಗೂ ಹೇಳಿದೆ. ಮೊದಲಿಗೆ ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಉಳಿದವರ ಮುಖ ನೋಡಿ ಅವಳ ನಗೆ ಅರ್ಧಕ್ಕೇ ನಿಂತಿತು. ಹುಸೇನಬಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಹಿಟ್ಟು ಮೆತ್ತಿತ್ತು. "ಯಾ ಅಲ್ಲಾ" ಎನ್ನುತ್ತ ಎದ್ದು ನಲ್ಲಿಯ ಹತ್ತಿರ ಓಡಿದಳು. ಬಾಯಿ ಮುಕ್ಕಳಿಸಿದಳು, ಸೆರಗಿನಿಂದ ನಾಲಗೆ ಉಜ್ಜಿದಳು, ಮತ್ತೆ ಮುಕ್ಕಳಿಸಿದಳು. ಮೂಲೆಯಲ್ಲಿ ಒಬ್ಬಳು ವಾಂತಿ ಮಾಡಿಕೊಂಡಳು. ಬಾಣಂತಿಯಾದ ಮಗಳಿಗೆ ದಿನಾ ಹಪ್ಪಳ ಸುಟ್ಟು ಕೊಡುತ್ತಿದ್ದವಳು ಸುಮ್ಮನೆ ಗೋಡೆಗೆ ಒರಗಿ ಕೂತಳು.

ದೊಡ್ಡವ್ವ ಅಲ್ಲಾಡಲಿಲ್ಲ. "ಹಂಗಾರ, ಆ ರಾಶಿ ಖಾರ ಬಂದ ವರ್ಷ?" ಎಂದಳು. "ಕೇಳ ಆಕೀನ್ನ. ಆ ವರ್ಷ ದಿನಾ ಬುಟ್ಟಿ ಬುಟ್ಟಿ ಬಂತಲ್ಲ, ಹುಣ್ಣಿಮಿ ಇಲ್ಲ ಅಮಾಸಿ ಇಲ್ಲ. ಅದೇನದು?"

ನಾನು ಕೇಳಿದೆ. "ಆ ಚಳಿಗಾಲ ನಮ್ಮಲ್ಲಿ ಜ್ವರ ಬಂದಿತ್ತು. ಸುಡಲು ಕಟ್ಟಿಗೆ ಸಾಲಲಿಲ್ಲ," ಎಂದರು ಇಲ್ಮಾರಾ.

ನಾವು ಕೂತಿದ್ದ ಭವನ ಆ ವರ್ಷದ ಗಳಿಕೆಯಲ್ಲಿ ಕಟ್ಟಿದ್ದು. ಆ ವರ್ಷ ನಾವು ಹಗೇವಿಗೆ ಆರತಿ ಎತ್ತಿದ್ದೆವು. ಓಣಿಯ ತುಂಬ ಹಲಗೆ ಬಾರಿಸಿದ್ದೆವು. ನಾನು ಕುಣಿದದ್ದು ನನಗೇ ನೆನಪಿದೆ.

"ನನ್ನ ತಾಯಿಯೂ ಆ ಚಳಿಗಾಲದಲ್ಲೇ ಹೋದರು," ಎಂದು ಇಲ್ಮಾರಾ ಮುಂದುವರಿಸಿದರು. ಮಾತು ಈಗಲೂ ಅಳೆದಂತೆಯೇ ಬರುತ್ತಿತ್ತು. "ಜ್ವರಕ್ಕೆ ಹೆದರಿ ನಾನು ಪಟ್ಟಣದಲ್ಲೇ ಉಳಿದಿದ್ದೆ. ಬಾ ಎಂದು ಹೇಳಿ ಕಳಿಸಿದರೂ ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಹೋದೆ. ಅವರ ರೊಟ್ಟಿ ಬಂತು. ಬಾಯಿಗಿಟ್ಟರೆ ಬೆಂಕಿ. ನನ್ನ ಅಣ್ಣಂದಿರ ಕಣ್ಣಲ್ಲೂ ನೀರು ಬಂತು. ಅಮ್ಮ ನಿನ್ನ ಮೇಲೆ ಸಿಟ್ಟಿನಲ್ಲೇ ಹೋದಳು ಎಂದರು. ಅಂದಿನಿಂದ ಅವರು ನನ್ನ ಜೊತೆ ಮಾತಾಡಿಲ್ಲ. ನಾನೂ ಹಬ್ಬಕ್ಕೆ ಊರಿಗೆ ಹೋಗಿಲ್ಲ."

ನಾನು ಅದನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದಂತೆ ದೊಡ್ಡವ್ವ ಎದ್ದು ನಿಂತಳು. ಅವಳ ಗಂಡ, ನನ್ನ ದೊಡ್ಡಪ್ಪ, ಆ ವರ್ಷ ಇನ್ನೊಬ್ಬಳನ್ನು ಮನೆಗೆ ಕರೆತಂದಿದ್ದ. ಅದು ಊರಿಗೆಲ್ಲ ಗೊತ್ತಿದ್ದದ್ದೇ. ಆದರೆ ಅವಳು ಆ ಬಗ್ಗೆ ಒಂದು ಮಾತನ್ನಾದರೂ ಆಡಿದ್ದನ್ನು ನಾನು ಕೇಳಿರಲಿಲ್ಲ.

"ಹಿಟ್ಟು ನಾದೂ ಮುಂದ ನನಗ ಕಣ್ಣ ಕಾಣ್ತಿದ್ದಿಲ್ಲ," ಎಂದಳು. "ಕೈಗೆ ಎಷ್ಟ ಸಿಕ್ತೋ ಅಷ್ಟು ಮೆಣಸಿನಪುಡಿ ಸುರುವಿದೆ. ಆ ಹಿಟ್ಟಿನ ಹಪ್ಪಳಾ ಊರಾಗ ಒಬ್ಬರೂ ಕೊಳ್ಳಲಿಲ್ಲ. ಯಾರೂ ಕೊಳ್ಳದ್ದನ್ನ ಆ ಕಡೀ ಮಂದಿಗೆ ಇರಲಿ ಅಂತ ಹಗೇವಿಗೆ ಹಾಕಿದ್ವಿ. ಹೇಳ ಕಸ್ತೂರಿ ಆಕೀಗೆ. ಆ ಸಿಟ್ಟು ನಂದು. ಆಕಿ ತಾಯೀದಲ್ಲ."

ಹೇಳಿದೆ. ಒಂದೊಂದೇ ಪದ ಹುಡುಕಿ ಹೇಳಿದೆ. ಇಲ್ಮಾರಾ ನೆಲದ ಮೇಲೆ, ಹಿಟ್ಟು ಚೆಲ್ಲಿದ ಜಾಗದಲ್ಲೇ ಕುಸಿದು ಕೂತರು.

"ಯಾರ ಮೇಲೆ ಸಿಟ್ಟು?" ಎಂದು ಕೇಳಿದರು.

"ಗಂಡನ ಮೇಲೆ."

ಅವರು ನಕ್ಕರು. ಜೋರಾಗಿ, ಹೊರಗಿನವರಿಗೂ ಕೇಳುವಂತೆ ನಕ್ಕರು. ಆ ನಗೆಯಲ್ಲೇ ಅಳು ಬಂತು. ದೊಡ್ಡವ್ವ ಹೋಗಿ ಪಕ್ಕದಲ್ಲಿ ಕೂತಳು, ಆ ಎತ್ತರದ ಹೆಂಗಸಿನ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಅವರ ಅಚ್ಚುಕಟ್ಟಾದ ಕಪ್ಪು ಕೋಟಿನ ತುಂಬ ಉದ್ದಿನ ಹಿಟ್ಟು ಮೆತ್ತಿಕೊಂಡಿತು. ಅಳು ನಿಂತ ಮೇಲೆ ಅವರು ಮೇಲಕ್ಕೆ ನೋಡುತ್ತ, "ಹಾಗಾದರೆ ನನ್ನ ತಾಯಿ ನನಗೆ ಏನೂ ಹೇಳಲೇ ಇಲ್ಲ," ಎಂದರು.

"ಏನಂದ್ಳು?" ಎಂದಳು ದೊಡ್ಡವ್ವ. ನಾನು ಅವರ ಕೋಟಿನ ಮೇಲಿನ ಹಿಟ್ಟು ಕೊಡವತೊಡಗಿದೆ.

ಹೊರಡುವ ಮುಂಚೆ ಇಲ್ಮಾರಾ ಒಂದೇ ಒಂದು ಬೇಡಿಕೆ ಇಟ್ಟರು. "ಅಲ್ಲಿ ನಾನು ಯಾರಿಗೂ ಇದನ್ನು ಹೇಳುವುದಿಲ್ಲ. ನೀವು ಕಳಿಸುವುದನ್ನು ನಿಲ್ಲಿಸಬೇಡಿ. ನಿಂತರೆ ನಮ್ಮ ಜನ ತಡೆದುಕೊಳ್ಳಲಾರರು." ಮರುದಿನ ರಾಜಧಾನಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಪಂಪು ಉಳಿಯಿತು, ಗ್ರಾನೈಟ್ ಉಳಿಯಿತು, ಹಪ್ಪಳದ ಮೇಲೆ ಗೆರೆ ಎಳೆದಿದ್ದರು. ಗುರುಪಾದಪ್ಪನವರು ತಬ್ಬಿಬ್ಬಾಗಿ, "ಹಪ್ಪಳಕ್ಕ ಏನಾತ್ರಿ?" ಎಂದು ಕೇಳಿದಾಗ, "ಅದು ಅವರಿಗೆ ಈಗಾಗಲೇ ಬರತೈತಂತ್ರಿ," ಎಂದೆ. ಅದು ಸುಳ್ಳಾಗಿರಲಿಲ್ಲ.

ಇಂಥ ಮಾತು ಅಷ್ಟು ಹೆಂಗಸರ ಬಾಯಲ್ಲಿ ಎಷ್ಟು ದಿನ ನಿಂತೀತು? ವಾರ ಕಳೆಯುವುದರೊಳಗೆ ಊರಿಗೆಲ್ಲ ಗೊತ್ತಾಯಿತು. ಜನ ಹಪ್ಪಳದ ಡಬ್ಬಿಗಳನ್ನು ತಂದು ಬೀದಿಗೆ ಸುರಿದರು. ನಾಯಿಗಳು ತಿನ್ನಲು ಬಂದರೆ ಅವನ್ನೂ ಹೊಡೆದು ಓಡಿಸಿದರು. ಸಾವಾದ ಮನೆಯಲ್ಲಿ ಕೂತಂತೆ ಎಲ್ಲರೂ ಕಟ್ಟೆಗಳ ಮೇಲೆ ಕೂತಿದ್ದರು. ತಾತ ಮುತ್ತಾತಂದಿರ ಕಾಲದಿಂದ ತಿಂದದ್ದನ್ನು ಕಕ್ಕುವುದು ಹೇಗೆ? ಕೆಲವರು ಪ್ರಾಯಶ್ಚಿತ್ತ ಕೇಳಿದರು, ಸ್ವಾಮಿಗಳಿಗೂ ಮೌಲವಿಗಳಿಗೂ ಹೇಳಲು ಏನೂ ತೋಚಲಿಲ್ಲ. ಕೊನೆಗೆ ಹಗೇವಿನ ಬಾಯಿಯನ್ನೇ ಮುಚ್ಚಿಬಿಡುವುದೆಂದು ತೀರ್ಮಾನಿಸಿ, ಎತ್ತಿನ ಬಂಡಿಯಲ್ಲಿ ಒಂದು ಚಪ್ಪಡಿ ತಂದರು. ದೊಡ್ಡವ್ವ ಬಂದು ಹಗೇವಿನ ಬಾಯಿಗೆ ಅಡ್ಡಲಾಗಿ ಕೂತುಬಿಟ್ಟಳು.

"ಏಳವ್ವಾ, ನಿಂಬೆವ್ವಾ," ಎಂದರು ಹಿರಿಯರು.

"ಏಳೂದಿಲ್ಲ. ಅಲ್ಲೊಬ್ಬಾಕಿ ಗಂಡನ್ನ ಕಳಕೊಂಡು ಕೂತಿರ್ತಾಳ, ಮಗನ್ನ ಕಳಕೊಂಡು ಕೂತಿರ್ತಾಳ. ಬುಟ್ಟಿ ಇಳಿಸ್ತಾಳ. ಮ್ಯಾಲ ಏನೂ ಬರೂದಿಲ್ಲ. ಆಕಿ ಗತಿ ಏನು? ನಮ್ಮ ಹೊಟ್ಟಿ ತೊಳಸ್ತೈತಿ ಅಂತ ಆಕಿ ಬಾಯಿಗೆ ಕಲ್ಲ ಹಾಕ್ತೀರೇನು?"

ಅವಳನ್ನು ಎತ್ತಿ ಪಕ್ಕಕ್ಕಿಡುವ ಧೈರ್ಯ ಯಾರಿಗೂ ಬರಲಿಲ್ಲ. ಕಡೆಗೆ ಒಂದು ಮಾತಾಯಿತು. ಹಪ್ಪಳ ಹೋಗುತ್ತಿರಲಿ, ಆದರೆ ಅಂಗಡಿಯ ಖಾರ ಹಾಕಿದ್ದು. ಬಂದ ಕುಡಿಕೆಗಳನ್ನು ಯಾರೂ ಒಡೆಯಬಾರದು, ಕೆರೆಗೆ ಒಯ್ದು ಮರ್ಯಾದೆಯಿಂದ ಬಿಡಬೇಕು. ಖರ್ಚನ್ನು ಸಂಘ ನೋಡಿಕೊಳ್ಳಬೇಕು. ಹಪ್ಪಳದ ವ್ಯಾಪಾರ ಬಿದ್ದುಹೋಯಿತು. ಸಂಘದವರು ಶಾವಿಗೆಗೆ ಇಳಿದರು. ಹುಣ್ಣಿಮೆಯ ಒಂದು ಬುಟ್ಟಿ ಹಪ್ಪಳವನ್ನು ಮಾತ್ರ ದೊಡ್ಡವ್ವ ಮತ್ತು ಹುಸೇನಬಿ ಕೂತು ಮಾಡುತ್ತಿದ್ದರು, ಮೆಣಸು ಹಾಕದೆ, ಬೆಳ್ಳುಳ್ಳಿ ಹಾಕದೆ, ಬರಿ ಜೀರಿಗೆ ಹಾಕಿ.

ಮುಂದಿನ ಚಳಿಗಾಲದಲ್ಲಿ ನಮ್ಮ ನಿಯೋಗ ಆ ದೇಶಕ್ಕೆ ಹೋಯಿತು, ಜೊತೆಗೆ ನಾನೂ. ಸಭೆಗಳ ನಡುವೆ ಬಿಡುವು ಸಿಕ್ಕ ಒಂದು ದಿನ ಇಲ್ಮಾರಾ ನನ್ನನ್ನು ತಮ್ಮೂರಿಗೆ ಕರೆದೊಯ್ದರು. ಅವತ್ತು ಹುಣ್ಣಿಮೆ. ಬೆಟ್ಟದ ಮೇಲೆ ಹಿಮದ ನಡುವೆ ಒಂದು ಬಿಲ, ಪಕ್ಕದಲ್ಲಿ ಕೆಂಡದ ಒಲೆ, ಹತ್ತಿಪ್ಪತ್ತು ಜನ. ಗಂಡನನ್ನು ಕಳೆದುಕೊಂಡ ಒಬ್ಬ ಮುದುಕಿ ಕುಡಿಕೆಯನ್ನು ತಾನೇ ಇಳಿಸಿದಳು. ಹಗ್ಗ ಎಳೆದಾಗ ಮೇಲೆ ಬಂದದ್ದು ನಮ್ಮೂರ ಬಿದಿರಿನ ಬುಟ್ಟಿ. ಅದಕ್ಕೆ ಹೊದಿಸಿದ್ದು ದೊಡ್ಡವ್ವನ ಹಳೆಯ ಇಳಕಲ್ ಸೀರೆಯ ತುಂಡು. ಎರಡು ಸಮುದ್ರದಾಚೆ ಆ ಕೆಂಪು ಸೆರಗು ನೋಡಿ ನನ್ನ ಮೈ ಜುಮ್ಮೆಂದಿತು.

ಮುದುಕಿ ಹಪ್ಪಳವನ್ನು ಕೆಂಡದ ಮೇಲಿಟ್ಟಳು. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಹಪ್ಪಳ ಅಂಚಿನಲ್ಲಿ ಕಪ್ಪಾಯಿತು, ಸುರುಟಿಕೊಂಡಿತು. ಉಬ್ಬಲಿಲ್ಲ. ಇನ್ನೊಂದನ್ನಿಟ್ಟಳು. ಅದೂ ಹಾಗೆಯೇ.

"ಮಾತಾಡಲಿಲ್ಲ," ಎಂದಳು. ಯಾರ ಕಡೆಗೂ ನೋಡದೆ ಮತ್ತೆ, "ನನ್ನ ಜೊತೆ ಮಾತಾಡಲಿಲ್ಲ," ಎಂದಳು.

"ಈಚೆಗೆ ಯಾರೂ ಉಸಿರಾಡುತ್ತಿಲ್ಲ," ಎಂದು ಹಿಂದಿನಿಂದ ಒಬ್ಬ ಗಂಡಸು ಮೆಲ್ಲಗೆ ಹೇಳಿದ. "ನನ್ನ ತಂಗಿಯದೂ ಏಳಲಿಲ್ಲ. ನಾವು ಏನು ತಪ್ಪು ಮಾಡಿದೆವೋ." ಮುದುಕಿ ಸುಟ್ಟ ಹಪ್ಪಳವನ್ನು ಕೈಯಲ್ಲೇ ಹಿಡಿದು, ಮುಂದಿನ ಹುಣ್ಣಿಮೆಗೆ ಗಂಡನ ಟೋಪಿಯನ್ನು ಇಳಿಸಿ ಇನ್ನೊಮ್ಮೆ ಕೇಳುತ್ತೇನೆ ಎಂದಳು. ಇಲ್ಮಾರಾ ನನ್ನನ್ನು ನೋಡಿದರು. ಅಂಗಡಿಯ ಖಾರ ಹಾಕಿದ್ದು ಕೆಂಡದ ಮೇಲೆ ಏಳುವುದಿಲ್ಲ ಎಂಬುದು ಅವತ್ತು ಹಗೇವಿನ ಮುಂದೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮರ್ಯಾದೆ ಎಂದುಕೊಂಡು ನಾವು ಮಾಡಿದ್ದು ಇಲ್ಲಿ ಹೀಗೆ ಬಂದು ಬಿದ್ದಿತ್ತು.

ಊರಿಗೆ ಬಂದವಳೇ ದೊಡ್ಡವ್ವನಿಗೆ ಹೇಳಿದೆ. ಅವಳು ಕೇಳಿ, "ಉಬ್ಬಲಿಲ್ಲ?" ಎಂದಳು. ಇನ್ನೊಮ್ಮೆ ಕೇಳಿದಳು. ಆಮೇಲೆ ನಾಲ್ಕಾರು ದಿನ ಅವಳಿಗೆ ಬೇರೆ ಧ್ಯಾನವಿರಲಿಲ್ಲ. ಉತ್ತರಾಣಿ ಗಿಡ ಕಿತ್ತು ತಂದು ಸುಟ್ಟು ಖಾರ ತೆಗೆದಳು, ಬಾಳೆದಿಂಡು ಒಣಗಿಸಿ ಸುಟ್ಟಳು. ಹಪ್ಪಳ ಮಾಡಿ ಕೆಂಡದ ಮೇಲಿಟ್ಟಳು. ಒಂದೂ ಏಳಲಿಲ್ಲ. ಹುಣ್ಣಿಮೆ ಹತ್ತಿರ ಬರುತ್ತಿತ್ತು.

ಒಂದು ಮಧ್ಯಾಹ್ನ ನಾನು ಅಡುಗೆಮನೆಗೆ ಹೋದಾಗ ಅವಳು ಹಿಟ್ಟಿನ ಮುಂದೆ ಕೂತಿದ್ದಳು. ಪಕ್ಕದಲ್ಲಿ ಕೆರೆಗೆ ಬಿಡದೆ ಉಳಿಸಿಕೊಂಡ ಒಂದು ಕುಡಿಕೆ.

"ಇದು ಆ ಮುದುಕೀ ಗಂಡಂದು," ಎಂದಳು. "ಆ ಹುಣ್ಣಿಮಿಗೆ ಇದೊಂದ ಬಂದಿತ್ತು."

"ದೊಡ್ಡವ್ವಾ, ಬ್ಯಾಡ."

"ಯಾಕ ಬ್ಯಾಡ? ನಾವು ತಿಂದ್ರ ತಪ್ಪು. ಆಕಿ ಗಂಡ ಆಕಿ ಮನಿಗೆ ತಿರುಗಿ ಹೋಗ್ತಾನ, ಅದರಾಗ ಏನ್ ತಪ್ಪೈತಿ?" ಅವಳ ಬೆರಳು ಮೇಣದ ಮೇಲೆ ನಿಂತಿತ್ತು. "ಇಷ್ಟು ವರ್ಷ ಒಬ್ಬರ ಮನ್ಯಾಗಿನವರು ಇನ್ನೊಬ್ಬರ ಮನಿಗೆ ಹೋದ್ರು. ಇನ್ನ ಮ್ಯಾಲ ಅವರವರದು ಅವರವರಿಗೆ."

ನಾನು ತಡೆಯಬಹುದಿತ್ತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡ ಮೇಲೆ ಮೇಣ ಒಡೆದಳು. ಒಂದು ಚಿಟಿಕೆ ತೆಗೆದು ಹಿಟ್ಟಿಗೆ ಹಾಕಿದಳು. ನಾದಿದಳು, ಕೈಗೆ ಎಣ್ಣೆ ಹಚ್ಚಿಕೊಂಡು ಮತ್ತೆ ನಾದಿದಳು. ಆಮೇಲೆ ಗೋಲಿಯಷ್ಟು ಹಿಟ್ಟು ಚಿವುಟಿ ತನ್ನ ಬಾಯಿಗೆ ಹಾಕಿಕೊಂಡಳು.

"ಅಯ್ಯೋ, ದೊಡ್ಡವ್ವಾ!"

"ಏನ್ ಅಯ್ಯೋ? ಉಪ್ಪು ನೋಡದ ಒಬ್ಬರ ಮನಿಗೆ ಹೆಂಗ ಕಳಸೂದು?" ಕಣ್ಣು ಮುಚ್ಚಿ ನಾಲಗೆಯ ಮೇಲೆ ಆಡಿಸಿದಳು. ತಲೆ ಅಲ್ಲಾಡಿಸಿದಳು. "ನನಗ ತಿಳೀವಲ್ದು. ನೀ ನೋಡು."

ಹಿಟ್ಟು ಹಿಡಿದ ಅವಳ ಬೆರಳು ನನ್ನ ಮುಖದ ಮುಂದೆ ಬಂದು ನಿಂತಿತು. ನಾನು ಬಾಯಿ ತೆರೆದೆ. ಮೊದಲು ಜೀರಿಗೆ ಬಂತು, ಆಮೇಲೆ ಉದ್ದು. ಉಪ್ಪು ಕಡಿಮೆಯಿತ್ತು. ಹೇಳಿದೆ. ಅವಳು ಇನ್ನೊಂದು ಚಿಟಿಕೆ ಉಪ್ಪು ಹಾಕಿದಳು.